ಮರಕ್ಕೆ ತಕ್ಕ ಬಿಲ್ಲು

ನೀಳಬಿಲ್ಲುಗಳ ಮಾತು ಬಂದ ಕೂಡಲೇ ಒಂದು ಏಣಿ ತಾನಾಗಿಯೇ ಎದ್ದು ನಿಲ್ಲುತ್ತದೆ. ತುತ್ತತುದಿಯಲ್ಲಿ ಇಂಗ್ಲೆಂಡಿನ ಯೂ ಮರದ ಲಾಂಗ್‌ಬೋ. ಆಳೆತ್ತರಕ್ಕಿಂತ ಉದ್ದ, ಎರಡು ಬೆರಳಷ್ಟೇ ಅಗಲ, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಅದರ ಕೆಳಗಿನ ಮೆಟ್ಟಿಲಲ್ಲಿ ಜಪಾನಿನ ಯುಮಿ, ಸೊಗಸಿಗೆ ಸಂದ ಮರ್ಯಾದೆಯಾಗಿ. ಇನ್ನೂ ಕೆಳಗೆ ಅಮೆರಿಕದ ಮೂಲನಿವಾಸಿಗಳ ಚಪ್ಪಟೆ ಬಿಲ್ಲು. ಎಲ್ಲಕ್ಕಿಂತ ಕೆಳಗೆ ಭಾರತದ ಕಾಡುಜನರ ಬಿದಿರಿನ ಬಿಲ್ಲು. ಈ ಏಣಿಯನ್ನು ತಲೆಕೆಳಗು ಮಾಡಿ, ನಮ್ಮ ಪುರಾಣದ ಧನುಸ್ಸುಗಳ ಮುಂದೆ ಉಳಿದವೆಲ್ಲ ಆಟಿಕೆ ಎನ್ನುವವರೂ ಇದ್ದಾರೆ. ಇಬ್ಬರೂ ಜಗಳವಾಡುವುದು ಮೆಟ್ಟಿಲಿಗಾಗಿ. ಏಣಿಯೊಂದು ಇದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಈ ಲೇಖನದ ತಕರಾರು ಇರುವುದು ಆ ಏಣಿಯ ಜೊತೆಗೇ.

ಇಂಗ್ಲಿಷ್ ಬಿಲ್ಲಿನ ಪರವಾದ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. 1346ರ ಕ್ರೆಸಿ, 1356ರ ಪ್ವಾತಿಯೇ, 1415ರ ಅಜಿನ್‌ಕೋರ್ಟ್ ಯುದ್ಧಗಳಲ್ಲಿ ಕಬ್ಬಿಣದ ಕವಚ ತೊಟ್ಟ ಫ್ರೆಂಚ್ ಸರದಾರರು ಸೋತದ್ದು ಸಾಮಾನ್ಯ ಮನೆತನದ ಬಿಲ್ಲುಗಾರರು ದೊಡ್ಡ ಸಂಖ್ಯೆಯಲ್ಲಿದ್ದ ಸೈನ್ಯದ ಎದುರು. ಆ ಬಿಲ್ಲು ಎಂಥದಿತ್ತು ಎಂಬುದಕ್ಕೂ ಕಣ್ಣಾರೆ ನೋಡಬಹುದಾದ ಸಾಕ್ಷ್ಯ ಸಿಕ್ಕಿದೆ. 1545ರ ಜುಲೈ 19ರಂದು ಎಂಟನೆಯ ಹೆನ್ರಿಯ ಯುದ್ಧನೌಕೆ ‘ಮೇರಿ ರೋಸ್’ ಪೋರ್ಟ್ಸ್‌ಮತ್ ಬಳಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಲಾಯಿತು. ಆ ಹಡಗಿನ ಅವಶೇಷಗಳಲ್ಲಿ 137 ಇಡೀ ಬಿಲ್ಲುಗಳು, 3,500ಕ್ಕೂ ಹೆಚ್ಚು ಬಾಣಗಳು ದೊರೆತವು. ಬಿಲ್ಲುಗಳ ಸರಾಸರಿ ಉದ್ದ ಹತ್ತಿರಹತ್ತಿರ ಎರಡು ಮೀಟರ್. ಎಳೆತದ ತೂಕ, ಅಂದರೆ ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾದ ಬಲ, 100ರಿಂದ 185 ಪೌಂಡುಗಳವರೆಗೆ ಇದ್ದಿರಬೇಕೆಂದು ಅಂದಾಜು. ಇವತ್ತಿನ ಕ್ರೀಡಾ ಬಿಲ್ಲುಗಾರರಿಗೆ 50 ಪೌಂಡೇ ಸಾಕಷ್ಟು ಭಾರ ಎಂಬುದನ್ನು ನೆನೆದರೆ ಆ ಸಂಖ್ಯೆಯ ಗಾತ್ರ ತಿಳಿಯುತ್ತದೆ. ಹಡಗಿನ ಅಸ್ಥಿಪಂಜರಗಳಲ್ಲಿ ಹಲವರ ಭುಜದ ಮೂಳೆಯ ತುದಿ ಕೂಡಿಕೊಳ್ಳದೆ ಬಿಡಿಯಾಗಿ ಉಳಿದಿತ್ತು. ಎಳೆಯ ವಯಸ್ಸಿನಿಂದ ಭಾರದ ಬಿಲ್ಲು ಎಳೆದುದರ ಗುರುತು ಅದು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಇಷ್ಟೆಲ್ಲ ಕಣ್ಣೆದುರಿಗೆ ಇರುವಾಗ, ಬಿಲ್ಲುಗಳಲ್ಲಿ ಇದೇ ರಾಜ ಎನ್ನುವುದು ಸಹಜ.

ಆದರೆ ಇಷ್ಟೆಲ್ಲ ಸಾಕ್ಷ್ಯ ಸಾಬೀತು ಮಾಡುವುದು ಏನನ್ನು? ಬಲಿಷ್ಠ ತೋಳುಗಳು ಬಲಿಷ್ಠ ಬಿಲ್ಲುಗಳನ್ನು ಎಳೆದವು ಎಂಬುದನ್ನು. ಆ ಬಿಲ್ಲಿನ ಆಕಾರವೇ ಉಳಿದ ಆಕಾರಗಳಿಗಿಂತ ಮೇಲು ಎಂಬುದು ಬೇರೆಯೇ ಹೇಳಿಕೆ. ಅದಕ್ಕೆ ಬೇರೆಯೇ ಪುರಾವೆ ಬೇಕು, ಮತ್ತು ಆ ಪುರಾವೆಯನ್ನು ಹುಡುಕಬೇಕಾದದ್ದು ಮರದೊಳಗೆ.

ಮರದ ಪಟ್ಟಿಯೊಂದನ್ನು ಬಗ್ಗಿಸಿದರೆ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಿಲ್ಲಿನಲ್ಲಿ ಗುರಿಯ ಕಡೆಗಿರುವ ಮೈಗೆ ಬೆನ್ನು ಎಂದೂ ಬಿಲ್ಲುಗಾರನ ಕಡೆಗಿರುವ ಮೈಗೆ ಹೊಟ್ಟೆ ಎಂದೂ ಕರೆದರೆ, ಹೆದೆ ಎಳೆದಾಗ ಬೆನ್ನು ಹಿಗ್ಗಿ ಹೊಟ್ಟೆ ಕುಗ್ಗುತ್ತದೆ. ನಡುವೆ ಎಲ್ಲೋ ಹಿಗ್ಗದ, ಕುಗ್ಗದ ಒಂದು ಪದರ ಇರುತ್ತದೆ. ಆ ಪದರದಿಂದ ದೂರ ಹೋದಷ್ಟೂ ಮರದ ನಾರಿನ ಮೇಲೆ ಒತ್ತಡ ಹೆಚ್ಚು. ಹೀಗಾಗಿ ದಪ್ಪನೆಯ ಬಿಲ್ಲು ಹೆಚ್ಚು ಬಾಗಲಾರದು. ಮರ ಸುಮಾರಾಗಿ ನೂರಕ್ಕೆ ಒಂದು ಭಾಗದಷ್ಟು ಹಿಗ್ಗಬಲ್ಲದು ಎಂದು ಇಟ್ಟುಕೊಂಡರೆ, ಮೂರು ಸೆಂಟಿಮೀಟರ್ ದಪ್ಪದ ಪಟ್ಟಿಯನ್ನು ಒಂದೂವರೆ ಮೀಟರ್ ತ್ರಿಜ್ಯದ ವೃತ್ತಕ್ಕಿಂತ ಬಿಗಿಯಾಗಿ ಬಗ್ಗಿಸುವಂತಿಲ್ಲ. ಒಂದೂವರೆ ಸೆಂಟಿಮೀಟರ್ ದಪ್ಪದ್ದಾದರೆ ಮುಕ್ಕಾಲು ಮೀಟರ್ ತ್ರಿಜ್ಯದವರೆಗೂ ಬಗ್ಗಿಸಬಹುದು. ದಪ್ಪ ಕಡಿಮೆ ಮಾಡಿದರೆ ಬಿಗಿ ಹೋಗುತ್ತದಲ್ಲ ಎಂದರೆ, ಹೌದು, ಬೇಗನೇ ಹೋಗುತ್ತದೆ. ಪಟ್ಟಿಯ ಬಿಗಿ ಅಗಲದ ಜೊತೆ ನೇರವಾಗಿ ಏರಿದರೆ, ದಪ್ಪದ ಜೊತೆ ಅದರ ಘನದಷ್ಟು ಏರುತ್ತದೆ. ದಪ್ಪದಲ್ಲಿ ಐದರಲ್ಲೊಂದು ಪಾಲು ಕೆತ್ತಿ ತೆಗೆದರೆ ಬಿಗಿ ಅರ್ಧಕ್ಕೆ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ಅಗಲವನ್ನು ಎರಡರಷ್ಟು ಮಾಡಬೇಕು. ಬಿಲ್ಲಿನ ಉದ್ದ, ಅಗಲ, ದಪ್ಪ ಇವು ಮೂರು ಬೇರೆಬೇರೆ ಆಯ್ಕೆಗಳಲ್ಲ, ಒಂದೇ ಲೆಕ್ಕದ ಮೂರು ಅಂಕಿಗಳು. ಕಿರಿದು ಮತ್ತು ದಪ್ಪ ಬೇಕೆಂದವರು ಉದ್ದ ಮಾಡಲೇಬೇಕು. ಗಿಡ್ಡ ಬೇಕೆಂದವರು ಅಗಲಿಸಿ ತೆಳುಮಾಡಬೇಕು, ಇಲ್ಲವೇ ಕಡಿಮೆ ಎಳೆಯಬೇಕು.

ಇಂಗ್ಲಿಷ್ ಬಿಲ್ಲಿನ ಅಡ್ಡಸೀಳು ಅರ್ಧಚಂದ್ರದಂತೆ, ಬೆನ್ನು ಚಪ್ಪಟೆ, ಹೊಟ್ಟೆ ಉಬ್ಬು. ಹಿಗ್ಗದ, ಕುಗ್ಗದ ಪದರ ಮರ ಹೆಚ್ಚಿರುವ ಬೆನ್ನಿನ ಕಡೆಗೆ ಸರಿಯುತ್ತದೆ. ಉಬ್ಬಿನ ನೆತ್ತಿ ಅದರಿಂದ ದೂರ ಉಳಿಯುತ್ತದೆ. ಅಂದರೆ ಕುಗ್ಗುವ ಭಾರವನ್ನೆಲ್ಲ ಹೊಟ್ಟೆಯ ಒಂದು ಸಣ್ಣ ಏಣು ಹೊರಬೇಕಾಗುತ್ತದೆ. ಅಂಥ ಭಾರ ಹೊರಬಲ್ಲ ಮರ ಅಪರೂಪ. ಯೂ ಅಂಥದು. ಅದರ ಕೆಂಪು ಚೇಗು ಕುಗ್ಗಿಸಿದರೆ ಜಗ್ಗದು, ತೊಗಟೆಗೆ ಅಂಟಿದ ಬಿಳಿಮರ ಹಿಗ್ಗಿಸಿದರೆ ಹರಿಯದು. ಒಂದೇ ದಿಮ್ಮಿಯಲ್ಲಿ ಎರಡು ಗುಣಗಳ ಎರಡು ಪದರ ಅಂಟಿಕೊಂಡೇ ಹುಟ್ಟುತ್ತವೆ. ಬಿಲ್ಲು ಮಾಡುವವನು ಬಿಳಿಮರವನ್ನು ಬೆನ್ನಿಗೂ ಚೇಗನ್ನು ಹೊಟ್ಟೆಗೂ ಬರುವಂತೆ ಸೀಳಿಕೊಂಡರೆ ಮುಗಿಯಿತು. ಆದರೆ ಇದೇ ಅರ್ಧಚಂದ್ರವನ್ನು ಎಲ್ಮ್ ಅಥವಾ ಆ್ಯಶ್ ಮರದಲ್ಲಿ ಕೆತ್ತಿದರೆ ಏನಾಗುತ್ತದೆ? ಈ ಮರಗಳ ನಾರು ಹಿಗ್ಗುವುದರಲ್ಲಿ ಗಟ್ಟಿ, ಕುಗ್ಗುವುದರಲ್ಲಿ ಸೋಲುತ್ತದೆ. ಹೊಟ್ಟೆಯ ಏಣಿನ ಮೇಲೆ ಕೂದಲೆಳೆಯಂಥ ಅಡ್ಡಗೆರೆಗಳು ಮೂಡುತ್ತವೆ. ಅವು ನಾರು ಮಡಚಿ ಜಜ್ಜಿಹೋದ ಗುರುತುಗಳು. ಹೆದೆ ಬಿಚ್ಚಿದ ಮೇಲೂ ಬಿಲ್ಲು ನೆಟ್ಟಗಾಗದೆ ಬಾಗಿಯೇ ಉಳಿಯುತ್ತದೆ. ಇದರಲ್ಲಿ ಮರದ ತಪ್ಪೇನೂ ಇಲ್ಲ. ಎಲ್ಮ್‌ಗೆ ಯೂ ಮರದ ಅಂಗಿ ಹೊಲಿದದ್ದು ತಪ್ಪು.

ಎಲ್ಮ್‌ಗೆ ಒಪ್ಪುವ ಅಂಗಿ ಯಾವುದೆಂದು ಮನುಷ್ಯರಿಗೆ ಗೊತ್ತಾಗಿ ಒಂಬತ್ತು ಸಾವಿರ ವರ್ಷಗಳಾದವು. ಡೆನ್ಮಾರ್ಕಿನ ಜೀಲೆಂಡ್ ದ್ವೀಪದ ಹೋಲ್ಮೆಗಾರ್ಡ್ ಜೌಗಿನಲ್ಲಿ 1944ರಲ್ಲಿ ಸಿಕ್ಕ ಬಿಲ್ಲುಗಳು ಎಲ್ಮ್ ಮರದವು, ಕ್ರಿಸ್ತಪೂರ್ವ 7000ದ ಆಸುಪಾಸಿನವು. ಹಿಡಿಯ ಬಳಿ ಕಿರಿದು, ಬಿಲ್ಲಿನ ತೋಳುಗಳು, ಅಂದರೆ ಹಿಡಿಯ ಎರಡೂ ಕಡೆಯ ಬಾಗುವ ಭಾಗಗಳು, ಅಗಲ ಮತ್ತು ಚಪ್ಪಟೆ, ತುದಿಯತ್ತ ಮತ್ತೆ ಕಿರಿದು. ಅಗಲ ತೋಳಿನಿಂದ ಕುಗ್ಗುವ ಭಾರ ಹೊಟ್ಟೆಯ ಅಷ್ಟಗಲಕ್ಕೂ ಹಂಚಿಹೋಗುತ್ತದೆ. ಕಿರಿದಾದ ತುದಿಯಿಂದ ಆಗುವ ಲಾಭ ಇನ್ನೂ ಸೂಕ್ಷ್ಮವಾದದ್ದು. ಬಾಣ ಬಿಟ್ಟಾಗ ಬಿಲ್ಲಿನಲ್ಲಿ ಅತ್ಯಂತ ವೇಗವಾಗಿ ಓಡುವುದು ತೋಳಿನ ತುದಿ. ಅಲ್ಲಿ ತೂಕ ಹೆಚ್ಚಿದ್ದಷ್ಟೂ ಬಾಣಕ್ಕೆ ಸೇರಬೇಕಾದ ಶಕ್ತಿ ಮರವನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ಲೋಹದ ಹತಾರ ಕಂಡಿರದ ಜನ, ಕಲ್ಲಿನ ಅಲಗಿನಿಂದ ಕೆರೆದು, ಅದನ್ನು ಕೈಯಂದಾಜಿನಲ್ಲಿ ಹಿಡಿದಿದ್ದರು. ಇಂಥ ಬಿಲ್ಲಿಗೆ ‘ಆದಿಮ’ ಎಂಬ ಚೀಟಿ ಅಂಟಿಸುವುದು ಅನ್ಯಾಯ.

ಮುಂದೆ ನಡೆದದ್ದು ಇನ್ನೂ ಕುತೂಹಲದ್ದು. 20ನೆಯ ಶತಮಾನದ ಆರಂಭದವರೆಗೆ ಅಮೆರಿಕದ ಬಿಳಿಯ ಬಿಲ್ಲುಗಾರರು ಇಂಗ್ಲಿಷ್ ಮಾದರಿಯನ್ನೇ ಅನುಸರಿಸುತ್ತಿದ್ದರು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್, ಫಾರೆಸ್ಟ್ ನಾಗ್ಲರ್ ಮುಂತಾದವರು ಬಿಲ್ಲನ್ನು ಭೌತಶಾಸ್ತ್ರದ ಲೆಕ್ಕಕ್ಕೆ ಒಡ್ಡಿದರು. ಹಿಕ್‌ಮನ್ ಬೆಲ್ ಪ್ರಯೋಗಾಲಯದ ಭೌತವಿಜ್ಞಾನಿ. ಅರ್ಧಚಂದ್ರದ ಅಡ್ಡಸೀಳಿಗಿಂತ ಆಯತಾಕಾರದ ಅಡ್ಡಸೀಳು ಮರವನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಅಲ್ಲಿಂದ ‘ಅಮೆರಿಕನ್ ಫ್ಲ್ಯಾಟ್‌ಬೋ’ ಬಳಕೆಗೆ ಬಂತು. ಆದರೆ ಹಾರ್ವರ್ಡ್‌ನ ಪೀಬಾಡಿ ಸಂಗ್ರಹಾಲಯದಲ್ಲಿ 1660ರ ಒಂದು ಬಿಲ್ಲಿದೆ. ಮ್ಯಾಸಚೂಸೆಟ್ಸ್‌ನ ಸಡ್‌ಬರಿಯಲ್ಲಿ ಮೂಲನಿವಾಸಿಯೊಬ್ಬನನ್ನು ಗುಂಡಿಟ್ಟು ಕೊಂದು ಕಸಿದುಕೊಂಡದ್ದು ಎಂದು ಅದರ ಚರಿತ್ರೆ. ಹಿಕರಿ ಮರದ್ದು, ಅಗಲ ತೋಳಿನ ಚಪ್ಪಟೆ ಬಿಲ್ಲು. ವಿಜ್ಞಾನಿಗಳು ಲೆಕ್ಕ ಹಾಕಿ ತಲುಪಿದ ಆಕಾರದ ಯಜಮಾನರು ಅದೇ ನೆಲದಲ್ಲಿ ಮೊದಲೇ ಇದ್ದರು. ಅವರ ಬಿಲ್ಲು ಮಾತ್ರ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಉಳಿಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಚಪ್ಪಟೆ ಆಕಾರವೇ ಅಷ್ಟು ಒಳ್ಳೆಯದಾದರೆ ಇಂಗ್ಲಿಷರು ಅದನ್ನೇಕೆ ಬಿಟ್ಟರು? ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಇಂಗ್ಲೆಂಡಿನ ಸಾಮರ್ಸೆಟ್‌ನ ಮಿಯರ್ ಹೀತ್‌ನಲ್ಲಿ 1961ರಲ್ಲಿ ಸಿಕ್ಕ ನವಶಿಲಾಯುಗದ ಬಿಲ್ಲು ಯೂ ಮರದ್ದೇ, ಆದರೆ ಅಗಲವಾದ ಚಪ್ಪಟೆ ಬಿಲ್ಲು. ಅದೇ ನೆಲ, ಅದೇ ಮರ, ಬೇರೆ ಆಕಾರ. ಹಾಗಾದರೆ ಮುಂದೆ ಕಿರಿದು ಮಾಡಿದ್ದಕ್ಕೆ ಬಾಣದ ವೇಗಕ್ಕಿಂತ ಬೇರೆ ಕಾರಣ ಹುಡುಕಬೇಕು. ಒಂದು ಕಾರಣ ದಿಮ್ಮಿಯ ಲೆಕ್ಕದಲ್ಲೇ ಇದ್ದಂತಿದೆ. ಕಿರಿದಾದ ಬಿಲ್ಲಿಗೆ ಕಿರಿದಾದ ಸೀಳು ಸಾಕು, ಒಂದೇ ದಿಮ್ಮಿಯಿಂದ ಹೆಚ್ಚು ಬಿಲ್ಲು ಏಳುತ್ತವೆ. ಬೇಟೆಗಾರನಿಗೆ ಬೇಕಾದದ್ದು ಒಂದು ಬಿಲ್ಲು, ಅರಸನಿಗೆ ಬೇಕಾದದ್ದು ಸಾವಿರಾರು. ಯೂ ಮರಕ್ಕಾಗಿ ಇಂಗ್ಲೆಂಡ್ ಪಟ್ಟ ಪಾಡು ಕಾಯಿದೆಗಳಲ್ಲೇ ಬರೆದಿದೆ. ಬಂದರಿಗೆ ಬರುವ ವ್ಯಾಪಾರಿಗಳು ಸರಕಿನ ಪ್ರತಿ ಟನ್ನಿಗೆ ನಾಲ್ಕು ಬಿಲ್ಲುಗಳಷ್ಟು ಮರದ ಸೀಳುಗಳನ್ನು ತರಲೇಬೇಕೆಂದು 1472ರ ಶಾಸನ ವಿಧಿಸಿತು. ಮೂರನೆಯ ರಿಚರ್ಡ್‌ನ ಕಾಲಕ್ಕೆ, ಒಂದೊಂದು ಪೀಪಾಯಿ ಸಿಹಿ ದ್ರಾಕ್ಷಾರಸಕ್ಕೆ ಹತ್ತು ಸೀಳು ಎಂಬ ನಿಯಮ ಬಂತು. ಬೆಟ್ಟದ ಚಳಿಯಲ್ಲಿ ನಿಧಾನವಾಗಿ ಬೆಳೆದ, ಉಂಗುರಗಳು ಒತ್ತೊತ್ತಾಗಿರುವ ಯೂ ಬೇಕೆಂದು ಯುರೋಪಿನ ಕಾಡುಗಳನ್ನು ಬರಿದು ಮಾಡಲಾಯಿತು. ಎಂಟನೆಯ ಹೆನ್ರಿಯ ಕಾಲದ ಕಾಯಿದೆಯು ಬಿಲ್ಲು ಮಾಡುವವರು ಯೂ ಬಿಲ್ಲಿನ ಜೊತೆಗೆ ಎಲ್ಮ್, ಆ್ಯಶ್‌ನಂಥ ಅಗ್ಗದ ಮರದ ಬಿಲ್ಲುಗಳನ್ನೂ ಮಾಡಬೇಕೆಂದು ಕಟ್ಟುಮಾಡಿತು. ಇಂಗ್ಲಿಷ್ ಆಕಾರ ಒಂದು ಮರಕ್ಕೂ ಒಂದು ಉಗ್ರಾಣಕ್ಕೂ ಒಪ್ಪಿದ ಆಕಾರ. ಆ ಎರಡು ಷರತ್ತುಗಳೊಳಗೆ ಅದು ನಿಜಕ್ಕೂ ಶ್ರೇಷ್ಠ ಕೆಲಸ.

‘ಇಂಗ್ಲಿಷ್ ಶೈಲಿ’ ಎಂಬುದಾದರೂ ಒಂದೇ ಎಂದುಕೊಂಡರೆ ಅದೂ ತಪ್ಪು. ಮೇರಿ ರೋಸ್‌ನ ಬಿಲ್ಲುಗಳನ್ನು ಹತ್ತಿರದಿಂದ ನೋಡಿದವರಿಗೆ ಅವುಗಳ ಅಡ್ಡಸೀಳು ಬಗೆಬಗೆಯಾಗಿ ಕಂಡಿದೆ. ಕೆಲವು ಅರ್ಧಚಂದ್ರ, ಕೆಲವು ಹೆಚ್ಚುಕಡಿಮೆ ದುಂಡು, ಕೆಲವು ಮೂಲೆ ಸವೆದ ಚೌಕ. ಇವತ್ತು ಪುಸ್ತಕಗಳಲ್ಲಿ ‘ಸಾಂಪ್ರದಾಯಿಕ’ ಎಂದು ತೋರಿಸುವ, ತುಂಬ ಕಿರಿದಾದ, ಹೊಟ್ಟೆ ಎತ್ತರವಾಗಿ ಉಬ್ಬಿದ ಬಿಲ್ಲು 19ನೆಯ ಶತಮಾನದ ಶ್ರೀಮಂತರ ಹುಲ್ಲುಹಾಸಿನ ಆಟದ ಬಿಲ್ಲಿನ ಪಡಿಯಚ್ಚು. ಆ ಆಟದಲ್ಲಿ ಹಗುರ ಬಾಣ, ಹಗುರ ಎಳೆತ, ನಿಖರ ಗುರಿ ಮುಖ್ಯ. 1857ರಲ್ಲಿ ಹೊರೇಸ್ ಫೋರ್ಡ್ ಎಂಬಾತ ಅಂಥ ಸ್ಪರ್ಧೆಯಲ್ಲಿ ಗಳಿಸಿದ 1,271 ಅಂಕ ಬಹುಕಾಲ ಯಾರಿಗೂ ನಿಲುಕಲಿಲ್ಲ. ಅದು ದೊಡ್ಡ ಸಾಧನೆಯೇ, ಆದರೆ ಅಜಿನ್‌ಕೋರ್ಟ್‌ನ ಕೆಸರಿಗೂ ಅದಕ್ಕೂ ಸಂಬಂಧವಿಲ್ಲ. ಬ್ರಿಟಿಷ್ ಲಾಂಗ್‌ಬೋ ಸೊಸೈಟಿಯ ನಿಯಮದ ಪ್ರಕಾರ ಬಿಲ್ಲಿನ ದಪ್ಪ ಅಗಲದ ಎಂಟನೇ ಐದು ಭಾಗಕ್ಕಿಂತ ಕಡಿಮೆ ಇರಕೂಡದು. ಸ್ಪರ್ಧೆಯ ಸಮಾನತೆಗೆ ಇಂಥ ಗೆರೆ ಬೇಕಾಗುತ್ತದೆ, ತಕರಾರಿಲ್ಲ. ಆದರೆ ಸ್ಪರ್ಧೆಗಾಗಿ ಎಳೆದ ಗೆರೆಯನ್ನು ಪರಂಪರೆಯ ಗೆರೆ ಎಂದುಕೊಂಡರೆ ಮಿಯರ್ ಹೀತ್‌ನ ಬಿಲ್ಲು ಇಂಗ್ಲೆಂಡಿನಲ್ಲೇ ಪರಕೀಯವಾಗುತ್ತದೆ.

ಹಾಗೆಯೇ ಯುದ್ಧಗಳ ವಾದ. ಕ್ರೆಸಿಯಲ್ಲಿ ಗೆದ್ದದ್ದು ಬಿಲ್ಲೇ ಆಗಿದ್ದರೆ 1429ರಲ್ಲಿ ಪಾತೇ ಎಂಬಲ್ಲಿ ಅದೇ ಬಿಲ್ಲು ಸೋತದ್ದು ಹೇಗೆ? ಅಲ್ಲಿ ಇಂಗ್ಲಿಷ್ ಬಿಲ್ಲುಗಾರರು ಎದುರಿಗೆ ಮೊನಚು ಗೂಟಗಳನ್ನು ನೆಟ್ಟು ಅಣಿಯಾಗುವ ಮುನ್ನವೇ ಫ್ರೆಂಚ್ ಕುದುರೆಗಳು ಮೇಲೆ ಬಿದ್ದವು. ಮರ, ಆಕಾರ, ತೋಳು ಎಲ್ಲ ಅದೇ ಇದ್ದವು. ಇಲ್ಲದ್ದು ಸಮಯ ಮತ್ತು ಜಾಗ. ಹಿಂದಿನ ಗೆಲುವುಗಳ ಹಿಂದೆಯೂ ಬಿಲ್ಲಿನಾಚೆಯ ಸಂಗತಿಗಳಿದ್ದವು. ಹಬ್ಬದ ದಿನಗಳಲ್ಲಿ ಗಂಡಸರು ಬೇರೆ ಆಟ ಬಿಟ್ಟು ಬಿಲ್ಲು ಅಭ್ಯಾಸ ಮಾಡಬೇಕೆಂದು ಮೂರನೆಯ ಎಡ್ವರ್ಡ್ 1363ರಲ್ಲಿ ಹೊರಡಿಸಿದ ಆಜ್ಞೆ, ಬಾಣಗಳನ್ನು ಲಕ್ಷಗಟ್ಟಲೆ ಕಲೆಹಾಕಿ ಸಾಗಿಸುವ ವ್ಯವಸ್ಥೆ, ಕೂಲಿ ಪಡೆಯುವ ಬಿಲ್ಲಾಳುಗಳ ದಂಡು. ಇವೆಲ್ಲವನ್ನೂ ಬಿಲ್ಲಿನ ಅಡ್ಡಸೀಳಿನ ಖಾತೆಗೆ ಜಮಾ ಮಾಡುವುದು ಲೆಕ್ಕದ ತಪ್ಪು. ಇನ್ನು ಬಲದ ಮಾತೇ ಆದರೆ, 12ನೆಯ ಶತಮಾನದ ಕೊನೆಯಲ್ಲಿ ವೇಲ್ಸ್ ಸುತ್ತಿ ಬಂದ ಪಾದ್ರಿ ಜೆರಾಲ್ಡ್, ಗ್ವೆಂಟ್ ಸೀಮೆಯವರ ಬಿಲ್ಲುಗಳ ಬಗ್ಗೆ ಬರೆದದ್ದನ್ನು ನೋಡಬೇಕು. ಕಾಡು ಎಲ್ಮ್‌ನಿಂದ ಮಾಡಿದ, ಉಜ್ಜಿ ನುಣುಪು ಮಾಡದ, ಒರಟಾದ ಬಿಲ್ಲುಗಳವು. ಅವುಗಳ ಬಾಣಗಳು ಆಬರ್‌ಗವೆನ್ನಿ ಕೋಟೆಯ ದಪ್ಪನೆಯ ಓಕ್ ಬಾಗಿಲನ್ನು ತೂರಿದ್ದವೆಂದು ಆತ ಹೇಳುತ್ತಾನೆ. ಯೂ ಅಲ್ಲ, ನುಣುಪಲ್ಲ, ಆದರೂ ಬಾಗಿಲು ತಡೆಯಲಿಲ್ಲ.

ಇನ್ನು ಏಣಿಯನ್ನು ತಲೆಕೆಳಗು ಮಾಡುವವರ ಕಡೆಗೆ. ಭಾರತದ ಬಿಲ್ಲಿಗೆ ಹಳೆಯ ಪರಕೀಯ ಸಾಕ್ಷ್ಯವಿದೆ ಎಂಬುದು ನಿಜ. ಅಲೆಕ್ಸಾಂಡರನ ನೌಕಾಧಿಕಾರಿ ನಿಯಾರ್ಕಸ್ ಕಂಡದ್ದನ್ನು ಆಧರಿಸಿ ಆರಿಯನ್ ಬರೆದ ಪ್ರಕಾರ, ಇಲ್ಲಿಯ ಕಾಲಾಳುಗಳ ಬಿಲ್ಲು ಹೊತ್ತವನಷ್ಟೇ ಎತ್ತರ. ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹಿಡಿದು ಹೆದೆ ಎಳೆಯುತ್ತಿದ್ದರು. ಬಾಣ ಮೂರು ಮೊಳಕ್ಕೆ ತುಸು ಕಡಿಮೆ. ಗುರಾಣಿಯಾಗಲಿ ಎದೆಕವಚವಾಗಲಿ ಅದನ್ನು ತಡೆಯಲಾರದು ಎನ್ನುತ್ತಾನೆ. ಇಷ್ಟನ್ನು ಮಾತ್ರ ಉದ್ಧರಿಸಿ ನಿಲ್ಲಿಸುವವರು ಹೆಚ್ಚು. ಆದರೆ ಕ್ರಿಸ್ತಪೂರ್ವ 326ರ ಝೇಲಂ ಕಾಳಗದ ಬಗ್ಗೆ ಬರೆಯುವಾಗ ಇನ್ನೊಬ್ಬ ಲೇಖಕ ಕರ್ಟಿಯಸ್, ಮಳೆಗೆ ನೆಲ ಜಾರುತ್ತಿದ್ದುದರಿಂದ ಈ ಬಿಲ್ಲುಗಳನ್ನು ಊರಿ ಎಳೆಯಲು ಆಗಲಿಲ್ಲ ಎಂದೂ ಹೇಳಿದ್ದಾನೆ. ಒಣನೆಲದಲ್ಲಿ ಕವಚ ಸೀಳಿದ ಬಿಲ್ಲೇ ಕೆಸರಿನಲ್ಲಿ ಕೆಲಸಕ್ಕೆ ಬಾರದಾಯಿತು. ಎರಡೂ ಮಾತು ಒಟ್ಟಿಗೆ ಇಟ್ಟುಕೊಂಡರೆ ಮಾತ್ರ ಆ ಬಿಲ್ಲು ಏನೆಂದು ತಿಳಿಯುತ್ತದೆ.

ಭಾರತದ ಗ್ರಂಥಗಳಲ್ಲಿ ಈ ವಿಷಯದ ಮೇಲೆ ಅತ್ಯಂತ ಬೆಳಕು ಚೆಲ್ಲುವುದು ಪುರಾಣವಲ್ಲ, ಒಂದು ಉಗ್ರಾಣದ ಪಟ್ಟಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಆಯುಧಾಗಾರದ ಅಧ್ಯಕ್ಷ ಏನೇನು ಇಟ್ಟಿರಬೇಕು ಎಂಬ ಪ್ರಕರಣವಿದೆ. ಅಲ್ಲಿ ಬಿಲ್ಲುಗಳು ನಾಲ್ಕು ಬಗೆ: ತಾಳೆಮರದ್ದು, ಬಿದಿರಿನದು, ಗಟ್ಟಿಮರದ್ದು, ಕೊಂಬಿನದು. ಹೆದೆಗೆ ಮೂರ್ವಾ ನಾರು, ಎಕ್ಕ, ಸೆಣಬು, ಬಿದಿರು, ಪ್ರಾಣಿಯ ನರ ಇತ್ಯಾದಿ. ಆ ಸಾಲಿನಲ್ಲಿ ಇದು ಉತ್ತಮ, ಇದು ಅಧಮ ಎಂಬ ಮಾತಿಲ್ಲ. ಅರಸೊತ್ತಿಗೆಯ ಉಗ್ರಾಣಿಗೆ ನಾಲ್ಕೂ ಬೇಕು. ಕಾರಣ ಊಹಿಸುವುದು ಕಷ್ಟವಲ್ಲ. ಕೊಂಬು, ಮರ, ನರ ಸೇರಿಸಿ ಅಂಟಿದ ಬಿಲ್ಲು ಗಿಡ್ಡದಾಗಿದ್ದೂ ಹೆಚ್ಚು ಶಕ್ತಿ ಹಿಡಿದಿಡುತ್ತದೆ, ಕುದುರೆಯ ಮೇಲೆ ಅನುಕೂಲ. ಆದರೆ ಅದನ್ನು ಮಾಡಲು ತಿಂಗಳುಗಟ್ಟಲೆ ಬೇಕು, ಪ್ರಾಣಿಜನ್ಯ ಅಂಟು ತೇವಕ್ಕೆ ಸಡಿಲವಾಗುತ್ತದೆ. ಮಳೆಗಾಲ ಉದ್ದವಾಗಿರುವ ಸೀಮೆಯಲ್ಲಿ ಬಿದಿರು, ಮರ ನಂಬಿಕೆಗೆ ಅರ್ಹ. ಅಂಟಿದ ಬಿಲ್ಲು ‘ಮುಂದುವರಿದದ್ದು’, ಒಂಟಿಮರದ ನೀಳಬಿಲ್ಲು ‘ಹಿಂದುಳಿದದ್ದು’ ಎಂಬ ಇನ್ನೊಂದು ಜನಪ್ರಿಯ ಏಣಿಯೂ ಈ ಪಟ್ಟಿಯ ಮುಂದೆ ನಿಲ್ಲುವುದಿಲ್ಲ.

ಅದೇ ಗ್ರಂಥದ ಅಳತೆಗಳ ಪ್ರಕರಣದಲ್ಲಿ ಇನ್ನೂ ಒಂದು ಮಾತಿದೆ. ನಾಲ್ಕು ಅರತ್ನಿ, ಅಂದರೆ 96 ಅಂಗುಲಗಳ ಅಳತೆಗೆ ದಂಡ, ಧನುಸ್ಸು, ಪೌರುಷ ಎಂಬ ಹೆಸರುಗಳು ಒಟ್ಟಿಗೆ ಬರುತ್ತವೆ. ಸುಮಾರು ಆರಡಿ. ಬಿಲ್ಲು ಮತ್ತು ಆಳು ಒಂದೇ ಅಳತೆ. ಗ್ರೀಕರು ಕಂಡದ್ದೂ ಹೊತ್ತವನಷ್ಟೇ ಎತ್ತರದ ಬಿಲ್ಲು. ಆಲ್ಪ್ಸ್‌ನ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಗಳಿಗೂ ಹಿಂದಿನ ‘ಏಟ್ಸಿ’ ಎಂಬ ಮನುಷ್ಯನ ಬಳಿ ಇದ್ದ, ಕೆತ್ತನೆ ಇನ್ನೂ ಮುಗಿಯದ ಯೂ ಬಿಲ್ಲು 1.82 ಮೀಟರ್, ಅದೂ ಆರಡಿಯೇ. ಒಬ್ಬರನ್ನೊಬ್ಬರು ಕಂಡರಿಯದ ಈ ಜನ ಒಂದೇ ಅಳತೆಗೆ ಬಂದದ್ದು ಹೇಗೆ? ಮನುಷ್ಯನ ತೋಳು ಕೆನ್ನೆ-ಕಿವಿಗಳವರೆಗೆ ಎಳೆಯುವ ಉದ್ದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ನೇರವಾದ ಮರದ ಬಿಲ್ಲು ಮುರಿಯದೆ ಅಷ್ಟು ಎಳೆಸಿಕೊಳ್ಳಬೇಕಾದರೆ ಎಳೆತದ ಎರಡು ಪಟ್ಟಿಗಿಂತ ಸಾಕಷ್ಟು ಉದ್ದವಿರಬೇಕು. ಆ ಲೆಕ್ಕ ಎಲ್ಲಿ ಹಾಕಿದರೂ ಆಳೆತ್ತರಕ್ಕೆ ಬಂದು ನಿಲ್ಲುತ್ತದೆ. ನೀಳಬಿಲ್ಲು ಯಾವುದೋ ಒಂದು ಜನಾಂಗದ ಆವಿಷ್ಕಾರ ಎನ್ನುವವರಿಗೆ ಈ ಹೊಂದಾಣಿಕೆ ಯೋಚನೆಗೆ ಹಚ್ಚಬೇಕು.

ಜಪಾನಿನ ಯುಮಿಯ ಬಗ್ಗೆ ಇನ್ನೊಂದು ಗೊಂದಲ ಬಳಕೆಯಲ್ಲಿದೆ. ಇವತ್ತಿನ ಸಾಮಾನ್ಯ ಯುಮಿ 221 ಸೆಂಟಿಮೀಟರ್, ಹಿಡಿ ನಡುವೆ ಇಲ್ಲ, ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿದೆ. ಕುದುರೆಯ ಮೇಲೆ ಕುಳಿತವನಿಗೆ ಕೆಳತೋಳು ಅಡ್ಡಬಾರದಿರಲಿ ಎಂದು ಹೀಗೆ ಮಾಡಿದರು ಎಂಬ ವಿವರಣೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಕ್ರಿಸ್ತಶಕ 3ನೆಯ ಶತಮಾನದ ಚೀನಾದ ‘ವೇಯ್’ ಇತಿಹಾಸ ಆ ದ್ವೀಪದವರ ಮರದ ಬಿಲ್ಲಿಗೆ ಕೆಳಗೆ ಗಿಡ್ಡ ಮೇಲೆ ಉದ್ದ ಎಂದು ಬರೆದಿಟ್ಟಿದೆ. ಅದೇ ಬರಹ ಅಲ್ಲಿ ಕುದುರೆಗಳೇ ಇಲ್ಲ ಎಂದೂ ಹೇಳುತ್ತದೆ. ಕುದುರೆ ಬರುವ ಮುನ್ನವೇ ಇದ್ದ ಆಕಾರಕ್ಕೆ ಕುದುರೆ ಕಾರಣವಾಗಲಾರದು. ಮುಂದೆ ಕುದುರೆ ಸವಾರರಿಗೆ ಅದು ಒದಗಿಬಂತು ಎಂದರೆ ಒಪ್ಪಬಹುದು. ಈಗಿನ ಯುಮಿಯಲ್ಲಿ ಬೆನ್ನಿಗೂ ಹೊಟ್ಟೆಗೂ ಬಿದಿರು, ಎರಡರಲ್ಲೂ ಬಿದಿರಿನ ಸಿಪ್ಪೆಯ ಮೈ ಹೊರಕ್ಕೆ. ನಡುವೆ ಬಿದಿರು ಅಥವಾ ಮರದ ಸೀಳುಗಳು. ಬಿದಿರನ್ನು ಅಡ್ಡ ಕೊಯ್ದು ನೋಡಿದವರಿಗೆ ಇದರ ಜಾಣತನ ತಕ್ಷಣ ಕಾಣುತ್ತದೆ. ಸಿಪ್ಪೆಯ ಬಳಿ ನಾರಿನ ಚುಕ್ಕೆಗಳು ಒತ್ತೊತ್ತಾಗಿ, ಒಳಗೆ ಹೋದಂತೆ ವಿರಳ. ಒತ್ತಡ ಹೆಚ್ಚಿರುವ ಎರಡು ಹೊರಮೈಗಳಿಗೆ ದಟ್ಟ ನಾರು ಬಂದಿದೆ. ಕ್ಯೋತೋದ ಸಾಂಜೂಸಾಂಗೆನ್‌ದೋ ದೇವಾಲಯದ 120 ಮೀಟರ್ ಉದ್ದದ ಮೊಗಸಾಲೆಯಲ್ಲಿ 1686ರಲ್ಲಿ ವಾಸಾ ದೈಹಾಚಿರೋ ಎಂಬ ಯುವಕ ಒಂದು ಹಗಲು-ರಾತ್ರಿಯಲ್ಲಿ 13,053 ಬಾಣ ಬಿಟ್ಟು 8,133ನ್ನು ಕೊನೆಯವರೆಗೆ ಮುಟ್ಟಿಸಿದ. 150 ಪೌಂಡಿನ ಯುದ್ಧಬಿಲ್ಲಿನಿಂದ ಇದು ಯಾವ ತೋಳಿಗೂ ಆಗದ ಕೆಲಸ. ಹಾಗೆಂದು ಆ ಬಿಲ್ಲು ಮೇಲೋ, ಇದು ಮೇಲೋ? ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಬಿದಿರಿನ ಇನ್ನೊಂದು ಬಗೆಯ ಬಿಲ್ಲು ಭೂತಾನದ್ದು. ಅಲ್ಲಿ ಬಿಲ್ಲುಗಾರಿಕೆ 1971ರಿಂದ ರಾಷ್ಟ್ರೀಯ ಕ್ರೀಡೆ. ಅಲ್ಲಿ ಎರಡು ಬಿದಿರು ಸೀಳುಗಳನ್ನು ಹಿಡಿಯ ಬಳಿ ಜೋಡಿಸಿದ ಬಿಲ್ಲಿನಿಂದ ಸುಮಾರು 140 ಮೀಟರ್ ಆಚೆಯ ಪುಟ್ಟ ಹಲಗೆಗೆ ಗುರಿಯಿಡುತ್ತಾರೆ. ಒಲಿಂಪಿಕ್ಸ್‌ನ ಗುರಿ ಇರುವುದು 70 ಮೀಟರ್ ದೂರದಲ್ಲಿ.

ಇಷ್ಟಾದ ಮೇಲೆ ಎರಡನೆಯ ಆಕ್ಷೇಪ: ಎಲ್ಲವೂ ಅದರದರ ಜಾಗದಲ್ಲಿ ಸರಿ ಎಂದರೆ ಹೋಲಿಕೆಯೇ ಬೇಡವೇ? ಇದು ಸೋಮಾರಿತನದ ತೀರ್ಮಾನವಾಗುತ್ತದೆ. ಹೋಲಿಸಲು ಖಂಡಿತ ಸಾಧ್ಯ, ಆದರೆ ಷರತ್ತುಗಳನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

1. ಮರ ಯಾವುದು. ಬರೀ ಜಾತಿಯ ಹೆಸರು ಸಾಲದು, ಚೇಗು ಎಷ್ಟು, ಬಿಳಿಮರ ಎಷ್ಟು, ಗೆಣ್ಣು ಎಲ್ಲಿ, ಒಣಗಿಸಿದ್ದು ಹೇಗೆ ಎಂಬುದೂ ಬೇಕು.

2. ಎಳೆತದ ತೂಕ ಮತ್ತು ಎಳೆತದ ಉದ್ದ, ಎರಡೂ. 60 ಪೌಂಡಿನ ಬಿಲ್ಲು ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಬಿಲ್ಲಿನಲ್ಲಿ ಸೇರಿದ ಶಕ್ತಿ ಕೊನೆಯ ತೂಕವಲ್ಲ, ಎಳೆತದ ಉದ್ದಕ್ಕೂ ಕೂಡುತ್ತ ಬಂದ ಮೊತ್ತ.

3. ಬಾಣದ ತೂಕ. ಇದನ್ನು ಬಿಟ್ಟು ಮಾಡಿದ ಹೋಲಿಕೆಯನ್ನು ಓದುವುದೇ ವ್ಯರ್ಥ. ತೋಳು ಭಾರವಾದ ಬಿಲ್ಲು ಭಾರದ ಬಾಣವನ್ನು ಚೆನ್ನಾಗಿ ಎಸೆಯುತ್ತದೆ, ಅದೇ ಬಿಲ್ಲಿಗೆ ಹಗುರ ಬಾಣ ಹೂಡಿದರೆ ಬಹುಪಾಲು ಶಕ್ತಿ ತೋಳಿನಲ್ಲೇ ಉಳಿದು ಕೈಗೆ ಒದೆಯುತ್ತದೆ. ತುದಿ ಹಗುರವಾದ ಚಪ್ಪಟೆ ಬಿಲ್ಲಿಗೆ ಹಗುರ ಬಾಣ ಕೊಟ್ಟು, ಯುದ್ಧದ ಬಿಲ್ಲಿಗೂ ಅದೇ ಬಾಣ ಕೊಟ್ಟು, ಮೊದಲನೆಯದು ಗೆದ್ದಿತು ಎಂದು ಬರೆಯುವುದು ನ್ಯಾಯವಲ್ಲ.

ಈ ಷರತ್ತುಗಳೊಳಗೆ ಖಚಿತ ತೀರ್ಪುಗಳನ್ನು ಕೊಡಬಹುದು, ಕೊಡಬೇಕು. ಎಲ್ಮ್, ಆ್ಯಶ್, ಹಿಕರಿಗಳಲ್ಲಿ ಅಗಲವಾದ ಚಪ್ಪಟೆ ತೋಳು ಅರ್ಧಚಂದ್ರದ ತೋಳಿಗಿಂತ ಮೇಲು. ಇದು ಅಭಿರುಚಿಯ ಮಾತಲ್ಲ, ಮರದ ನಾರು ಹೇಳುವ ಮಾತು. ಯೂ ಮರದಲ್ಲಿ ಎರಡೂ ನಡೆಯುತ್ತವೆ. ಅಮೆರಿಕದ ಓಸೇಜ್ ಆರೆಂಜ್ ಮರವೂ ಕುಗ್ಗುವಿಕೆಯನ್ನು ತಾಳಬಲ್ಲದು. ಅದಕ್ಕೇ ಫ್ರೆಂಚ್ ವಲಸೆಗಾರರು ಮೂಲನಿವಾಸಿಗಳ ಬಳಕೆ ಕಂಡು ಅದನ್ನು ‘ಬಿಲ್ಲಿನ ಮರ’ ಎಂದೇ ಕರೆದರು. ಬಿದಿರನ್ನು ಒಂಟಿಮರದಂತೆ ದುಂಡಗೆ ಕೆತ್ತುವುದು ಅದರ ಒಳ್ಳೆಯ ನಾರನ್ನೇ ಕೆತ್ತಿ ಎಸೆದಂತೆ. ‘ಅಸಲಿ ಇಂಗ್ಲಿಷ್ ಮಾದರಿ’ ಎಂಬ ಮೋಹಕ್ಕೆ ಬಿದ್ದು ಸಿಕ್ಕ ಮರಕ್ಕೆಲ್ಲ ಆ ಆಕಾರ ತೊಡಿಸುವುದು ಮರಕ್ಕೂ ಪರಂಪರೆಗೂ ಮಾಡುವ ಅಪಚಾರ.

ಮಾಡುವವನ ಕೈ ಎಂಬುದು ಇದೆಯಲ್ಲ, ಅದೇ ಎಲ್ಲಕ್ಕಿಂತ ದೊಡ್ಡದಲ್ಲವೇ ಎಂದು ಕೇಳಬಹುದು. ಈ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. ಬಿಲ್ಲನ್ನು ಕಂಬಕ್ಕೆ ಕೂರಿಸಿ, ಹೆದೆಯನ್ನು ಬೆರಳಷ್ಟು ಬೆರಳಷ್ಟೇ ಎಳೆದು, ದೂರ ನಿಂತು ಎರಡೂ ತೋಳುಗಳು ಒಂದೇ ಸಮ ಬಾಗುತ್ತಿವೆಯೇ ಎಂದು ನೋಡಿ, ಬಿಗಿಯಿದ್ದ ಕಡೆ ಒಂದು ಸಿಬಿರು ಕೆರೆದು ಮತ್ತೆ ಎಳೆಯುವ ಕೆಲಸದಲ್ಲೇ ಬಿಲ್ಲು ಹುಟ್ಟುತ್ತದೆ. ಬೆನ್ನಿನ ಮೇಲೆ ಮರದ ಒಂದೇ ಉಂಗುರ ತುದಿಯಿಂದ ತುದಿಗೆ ತುಂಡಾಗದೆ ಸಾಗಬೇಕು. ಗೆಣ್ಣು ಅಡ್ಡ ಬಂದರೆ ಕತ್ತಿ ಅದನ್ನು ಬಳಸಿ ಹೋಗಬೇಕು, ಕೊಯ್ದು ಹೋಗಬಾರದು. ಒಂದು ಜಾಗ ತುಸು ಹೆಚ್ಚು ಕೆರೆದರೂ ಬಾಗುವ ಭಾರವೆಲ್ಲ ಅಲ್ಲಿಗೇ ಬಂದು ಬಿಲ್ಲು ಅಲ್ಲೇ ಮುರಿಯುತ್ತದೆ. ಒಳ್ಳೆಯ ಕೈಯ ಸಾಧಾರಣ ವಿನ್ಯಾಸ ಕೆಟ್ಟ ಕೈಯ ಉತ್ತಮ ವಿನ್ಯಾಸವನ್ನು ಯಾವಾಗಲೂ ಮೀರಿಸುತ್ತದೆ. ಆದರೆ ಇದರಿಂದ ಶೈಲಿಗಳ ಏಣಿಗೆ ಬಲ ಬರುವುದಿಲ್ಲ, ಅದು ಇನ್ನಷ್ಟು ಸಡಿಲವಾಗುತ್ತದೆ. ಒಂದೇ ಶೈಲಿಯೊಳಗೆ ಕೈಯಿಂದ ಕೈಗೆ ಇಷ್ಟು ವ್ಯತ್ಯಾಸವಿರುವಾಗ, ಒಂದೊಂದು ನಮೂನೆಯ ಬಿಲ್ಲು ತಂದು ಎರಡು ನಾಡುಗಳ ಪರಂಪರೆಗಳಿಗೆ ಅಂಕ ಕೊಡುವುದು ಹೇಗೆ?

ಕೊನೆಯದಾಗಿ, ಏಣಿಯ ಮೆಟ್ಟಿಲುಗಳು ಎಲ್ಲಿಂದ ಬಂದವು ಎಂಬುದನ್ನೂ ನೋಡಬೇಕು. ಮೇರಿ ರೋಸ್‌ನ ಬಿಲ್ಲುಗಳನ್ನು ಕಾಪಾಡಿದ್ದು ಸಮುದ್ರದ ಹೂಳು, ಹೋಲ್ಮೆಗಾರ್ಡ್‌ನವನ್ನು ಜೌಗು, ಏಟ್ಸಿಯದನ್ನು ಹಿಮ. ಭಾರತದ ಬಿಸಿಲು, ಮಳೆ, ಗೆದ್ದಲುಗಳ ನಡುವೆ ಬಿದಿರಿನ ಬಿಲ್ಲು ಶತಮಾನಗಳ ಕಾಲ ಉಳಿಯದು. ಕರ್ನಾಟಕದ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ಆಳುಗಳು ಇದ್ದಾರೆ. ಬಿಲ್ಲು ಕೆತ್ತಿದ ಶಿಲ್ಪಿ ಅದರ ಬಾಗು ತೋರಿಸಿದ್ದಾನೆ, ಮರದ ಹೆಸರು, ದಪ್ಪ, ಎಳೆತ ಹೇಳುವುದು ಕಲ್ಲಿಗೆ ಸಾಧ್ಯವಿಲ್ಲ. ಉಳಿದು ಬಂದದ್ದೇ ಶ್ರೇಷ್ಠ ಎಂದುಕೊಂಡದ್ದರಲ್ಲಿ ಹೂಳಿಗೂ ಹಿಮಕ್ಕೂ ಸಲ್ಲಬೇಕಾದ ಪಾಲನ್ನು ಬಿಲ್ಲಿನ ಆಕಾರಕ್ಕೆ ಕೊಟ್ಟಂತಾಗಿದೆ. ಇಲ್ಲಿಯ ಬಿಲ್ಲುಗಳ ಬಗ್ಗೆ ಹೆಮ್ಮೆಯಿಂದ ಮಾತನಾಡುವವರು ಮೊದಲು ಮಾಡಬೇಕಾದ ಕೆಲಸ ಇನ್ನೂ ಬಾಕಿ ಇದೆ. ಯಾರದಾದರೂ ಅಟ್ಟದ ಮೇಲೆ, ಗುಡಿಯ ಮೂಲೆಯಲ್ಲಿ, ಕಾಡಂಚಿನ ಹಾಡಿಯ ಮನೆಯೊಂದರಲ್ಲಿ ಹಳೆಯ ಬಿಲ್ಲು ಕಂಡರೆ ಅದರ ಉದ್ದ, ಹಿಡಿಯ ಬಳಿಯ ಹಾಗೂ ತೋಳಿನ ಅಗಲ-ದಪ್ಪ ಅಳೆದು ಬರೆದುಕೊಳ್ಳಿ. ಯಾವ ಮರ, ಹೆದೆಗೆ ಯಾವ ನಾರು, ಯಾವ ತಿಂಗಳಲ್ಲಿ ಕಡಿಯುತ್ತಿದ್ದರು ಎಂದು ಆ ಮನೆಯ ಹಿರಿಯರನ್ನು ಅವರು ಇರುವಾಗಲೇ ಕೇಳಿ ಬರೆದಿಡಿ.